ಆಟಿ ಮುಗಿಯಲು ಒಂಬತ್ತು ದಿನ

ನಾನು ಮಾಡಿದ ವ್ಯಾಪಾರಗಳಲ್ಲಿ ಅತ್ಯಂತ ದುಬಾರಿಯಾದದ್ದಕ್ಕೆ ಕೊಟ್ಟ ಬೆಲೆ ಒಂಬತ್ತು ದಿನ. ದುಡ್ಡು ಒಂದು ಪೈಸೆ ಹೋಗಲಿಲ್ಲ. ಎದುರಿನವರು ಮೊದಲು ಹೇಳಿದ ಮಾತಿಗೆ ಒಪ್ಪಿಕೊಳ್ಳುವ ಅಭ್ಯಾಸ ನನಗೆ ಇರಲಿಲ್ಲ, ಅದಕ್ಕೇ ಕೊಟ್ಟೆ. ಆ ಒಂಬತ್ತು ದಿನಗಳ ಒಳಗೆ ನನಗೆ ಬರೆಯಲು ಕಲಿಸಿದ ಮನುಷ್ಯ ತೀರಿಹೋದರು.

ಈ ಮಳೆಗಾಲದಲ್ಲಿ ಬೆಳ್ತಂಗಡಿಯಿಂದ ಮೇಲೆ, ಘಟ್ಟದ ಬುಡದ ರಬ್ಬರ್ ತೋಟವೊಂದಕ್ಕೆ ಹಳೆಯ ಜೀಪು ನೋಡಲು ಹೋಗಿದ್ದೆ. ಬಿ.ಸಿ.ರೋಡಿನಲ್ಲಿ ನನ್ನದು ಸೆಕೆಂಡ್ ಹ್ಯಾಂಡ್ ಗಾಡಿಗಳ ವ್ಯಾಪಾರ. ಜೀಪಿನ ಬಾನೆಟ್ ಎತ್ತಿ ನೋಡುತ್ತಿರುವಾಗ ಹಿಂದಿನ ಶೆಡ್ಡಿನಿಂದ ರಬ್ಬರ್ ಶೀಟ್ ಒಣಗಿಸುವ ಹೊಗೆ ಬಂತು. ಆ ನಾತ ಗೊತ್ತಿದ್ದವರಿಗೆ ಗೊತ್ತು, ಹುಳಿ ಹಾಲು ಸುಟ್ಟಂತೆ, ಬಟ್ಟೆಗೆ ಹಿಡಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ನಾನು ಬಾನೆಟ್ ಮುಚ್ಚಿದೆ. ತೋಟದವರು ಒಂದು ರೇಟು ಹೇಳಿದರು. ಚೌಕಾಶಿ ಮಾಡದೆ ಸರಿ ಎಂದು ಹೇಳಿ ಬಂದೆ. ಅವರು ನನ್ನ ಮುಖ ನೋಡಿದ ರೀತಿ ನೋಡಿದರೆ ಇನ್ನೂ ಜಾಸ್ತಿ ಹೇಳಬೇಕಿತ್ತು ಎಂದು ಅವರಿಗೆ ಅನಿಸಿರಬೇಕು.

ನನ್ನ ಹೆಸರು ಹಮೀದ್. ಊರು ಮೆಲ್ಕಾರ್. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟವ. ಇಪ್ಪತ್ತರ ವಯಸ್ಸಿನಲ್ಲಿ ಮೂಡುಬಿದಿರೆಯ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಗ್ಯಾರೇಜಿನ ಮೇಲಿನ ಕೋಣೆಗೆ ಹೊಸದಾಗಿ ಕಾಲೇಜಿಗೆ ಸೇರಿದ ಲೆಕ್ಚರರ್ ಒಬ್ಬರು ಬಾಡಿಗೆಗೆ ಬಂದರು. ದಾಮೋದರ ಮಾಸ್ಟ್ರು. ನಮ್ಮಲ್ಲಿ ಕಾಲೇಜಿನಲ್ಲಿ ಪಾಠ ಮಾಡಿದರೂ ಮಾಸ್ಟ್ರೇ. ಬೆಳುವಾಯಿಯವರು. ತಂದೆತಾಯಿ ಬೇಗ ಹೋಗಿ, ಅಕ್ಕ ಲಲಿತಕ್ಕ ಬೀಡಿ ಕಟ್ಟಿ ಓದಿಸಿದ್ದರು.

ಒಂದು ದಿನ ನಾನು ಸ್ಕೂಟರ್ ಮಾರಾಟದ ಕರಾರು ಬರೆಯಲು ಒದ್ದಾಡುವುದನ್ನು ಮಾಸ್ಟ್ರು ನೋಡಿದರು. ಅಲ್ಲಿಂದ ಎರಡು ವರ್ಷ, ಗ್ಯಾರೇಜು ಮುಚ್ಚಿದ ಮೇಲೆ ಮೆಟ್ಟಿಲಲ್ಲಿ ಕೂರಿಸಿ ಬರೆಸಿದರು. ಕತೆ, ಪದ್ಯ ಅಲ್ಲ. ನನಗೆ ಬೇಕಾದದ್ದು ಕರಾರು, ಅರ್ಜಿ, ನೋಟೀಸಿಗೆ ಉತ್ತರ. ಅದನ್ನೇ ಬರೆಸಿದರು. "ಕರಾರಿನಲ್ಲಿ ಎಲ್ಲಿ 'ಆದರೆ' ಬರುತ್ತದೋ ಅಲ್ಲಿ ಯಾರೋ ಒಬ್ಬರು ಮುಳುಗುತ್ತಾರೆ ಹಮೀದ್, ಆ ಸಾಲನ್ನು ಎರಡು ಸಲ ಓದು" ಎನ್ನುತ್ತಿದ್ದರು. ನಾನು ಸ್ವಂತ ವ್ಯಾಪಾರ ಶುರು ಮಾಡಿದ್ದು ಆ ಮೆಟ್ಟಿಲ ಮೇಲಿನ ವಿದ್ಯೆಯಿಂದ.

ಅವರ ಬರವಣಿಗೆ ಬೇರೆ ದಾರಿ ಹಿಡಿಯಿತು. ಕಂಪನಿಯವರು ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಆಗ ಒಂದು ಕ್ರಮ ಇತ್ತು. ಹೆಂಗಸರು ಕಟ್ಟಿ ತಂದ ಬೀಡಿಯಲ್ಲಿ ಸರಿಯಿಲ್ಲ ಎಂದು ಒಂದಿಷ್ಟನ್ನು ತೆಗೆದಿಡುವುದು. ಅದಕ್ಕೆ ಮಜೂರಿ ಇಲ್ಲ, ಬೀಡಿ ವಾಪಸೂ ಇಲ್ಲ. ಮಾಸ್ಟ್ರು ಒಂದು ಪುಟದ ಕರಪತ್ರ ಬರೆದರು: ಸರಿಯಿಲ್ಲದ ಬೀಡಿ ನಮ್ಮದಾದರೆ ನಮಗೆ ಕೊಡಿ, ನಿಮ್ಮದಾದರೆ ಮಜೂರಿ ಕೊಡಿ. ಲಲಿತಕ್ಕ ಮತ್ತು ಊರಿನ ಹೆಂಗಸರು ಬೀಡಿ ಕಟ್ಟುವ ತಡ್ಪೆಗಳನ್ನು, ಎಂದರೆ ಮೊರಗಳನ್ನು, ಮಡಿಲಲ್ಲಿಟ್ಟುಕೊಂಡು ಬ್ರಾಂಚಿನ ಜಗಲಿಯಲ್ಲಿ ಇಡೀ ದಿನ ಕುಳಿತರು. ಸಂಜೆಗೆ ಬ್ರಾಂಚಿನವರು ಒಪ್ಪಿದರು. ವ್ಯಾಪಾರಿಯಾಗಿ ಹೇಳುತ್ತೇನೆ, ಅಷ್ಟು ಚೊಕ್ಕವಾದ ಚೌಕಾಶಿಯನ್ನು ನಾನು ಮತ್ತೆ ನೋಡಲಿಲ್ಲ. ಅಲ್ಲಿಗೇ ನಿಂತಿದ್ದರೆ ಅವರು ಇವತ್ತು ಪೆನ್ಷನ್ ತೆಗೆದುಕೊಂಡು ಮೂಡುಬಿದಿರೆಯ ಯಾವುದೋ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದರು.

ನಿಲ್ಲಲಿಲ್ಲ. ಕರಪತ್ರ ಬರೆದದ್ದಕ್ಕೆ ಅವರನ್ನು ಕಾಲೇಜಿನಿಂದ ತೆಗೆದರು. ಘಟ್ಟದ ಬುಡದಲ್ಲಿ ಕಾಡಿನ ಮನೆಗಳನ್ನು ಖಾಲಿ ಮಾಡಿಸುವ ಮಾತು ಬಂದಾಗ ಅಲ್ಲಿಗೆ ಹೋಗಿಬರತೊಡಗಿದರು. ಒಂದು ಬೇಸಿಗೆ ಹೋದವರು ಬರಲಿಲ್ಲ. ಎಂಟು ಮಂದಿ ಅವರ ಜೊತೆ ಇದ್ದರು, ಹೆಚ್ಚಿನವರು ಅವರದೇ ವಿದ್ಯಾರ್ಥಿಗಳು. ಬಂದೂಕು ಹಿಡಿದ ಆ ಗುಂಪನ್ನು ಊರಿನವರು ದಳ ಎಂದು ಕರೆದರು. ಕಟ್ಟಿದವರು ಮಾಸ್ಟ್ರು. ಅದರ ನಿಯಮ, ಕರಪತ್ರ, ಪುಸ್ತಿಕೆ ಎಲ್ಲ ಬರೆದವರೂ ಅವರೇ. ಓದಿದರೆ ನನಗೆ ಗೊತ್ತಾಗುತ್ತಿತ್ತು. ಚಿಕ್ಕ ಚಿಕ್ಕ ವಾಕ್ಯ, ನನಗೆ ಕರಾರು ಬರೆಸಿದ ಹಾಗೇ. ಒಂದು ಪುಸ್ತಿಕೆಯಲ್ಲಿ ಹೀಗೆ ಇತ್ತು: ಮಾಹಿತಿ ಕೊಡುವವನು ಬಡವನಲ್ಲ, ಶತ್ರುವಿನ ಕಣ್ಣು.

ಆ ವಾಕ್ಯದಿಂದ ಒಬ್ಬ ಸತ್ತ. ಬಾಬು ಎಂದು, ಬೆಳ್ತಂಗಡಿ ಕಡೆ ಜೀಪು ಓಡಿಸಿಕೊಂಡಿದ್ದವ. ಜೀಪು ಕೊಡಿಸಿದ್ದು ನಾನೇ. ಎರಡು ಸಲ ಪೊಲೀಸರು ಅವನ ಜೀಪಿನಲ್ಲಿ ಮೇಲೆ ಹೋಗಿದ್ದರು. ಪೊಲೀಸರು ಕೈ ತೋರಿಸಿದರೆ ಯಾರು ನಿಲ್ಲಿಸುವುದಿಲ್ಲ? ದಳದವರು ಅವನನ್ನು ಅವನ ಅಂಗಳದಲ್ಲಿ ಗುಂಡಿಕ್ಕಿ ಕೊಂದರು. ಮರುವಾರ ಅದನ್ನು ಸಮರ್ಥಿಸಿ ಕರಪತ್ರ ಬಂತು. ಅದನ್ನೂ ಮಾಸ್ಟ್ರೇ ಬರೆದಿದ್ದರು. ನಾನು ಓದಿ ಹರಿದು ಹಾಕಿದೆ, ಇನ್ನು ಆ ಮನುಷ್ಯನ ಹೆಸರು ಎತ್ತುವುದಿಲ್ಲ ಎಂದುಕೊಂಡೆ.

ಅದಾಗಿ ಎರಡನೆಯ ವರ್ಷದ ಮಳೆಗಾಲ. ಆಟಿ ತಿಂಗಳು. ಈ ಕಡೆಯವರಲ್ಲದವರಿಗೆ ಹೇಳುತ್ತೇನೆ: ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುನಾಡಿಗೆ ಆಟಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಒಳ್ಳೆಯ ಕೆಲಸ ಯಾವುದನ್ನೂ ಶುರು ಮಾಡುವುದಿಲ್ಲ. ಆಟಿ ಕಳೆದು ಸೋಣ ತಿಂಗಳು ಬಂದ ಮೇಲೇ ಎಲ್ಲ. ಬ್ಯಾರಿ ಮುಸ್ಲಿಮರಾದ ನಮಗೆ ಆ ಕಟ್ಟು ಇಲ್ಲ, ಆದರೆ ಕೊಳ್ಳುವವರಿಗೆ ಉಂಟಲ್ಲ. ಆಟಿಯಲ್ಲಿ ಯಾರೂ ಗಾಡಿ ಮನೆಗೆ ತರುವುದಿಲ್ಲ. ಆ ವರ್ಷ ಮಳೆಯೂ ಬಿಡಲಿಲ್ಲ. ನೇತ್ರಾವತಿ ಬಂಟ್ವಾಳದ ಕೆಳಗಿನ ಪೇಟೆಗೆ ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ನಾನು ಟಾರ್ಪಾಲ್ ಕೆಳಗೆ ನಿಂತ ಗಾಡಿಗಳ ಬ್ಯಾಟರಿ ಚಾರ್ಜ್ ಮಾಡುತ್ತಾ ದಿನ ತಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಲಲಿತಕ್ಕ ಬಸ್ಸಿಳಿದು ಬಂದರು. ಸೆರಗಿನೊಳಗಿಂದ ಒಂದು ಚೀಟಿ ತೆಗೆದು ಕೊಟ್ಟರು. ರಬ್ಬರ್ ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗಿನವನೊಬ್ಬ ಬೆಳುವಾಯಿಗೆ ತಂದುಕೊಟ್ಟದ್ದಂತೆ. ಅಕ್ಷರ ಮಾಸ್ಟ್ರದ್ದು, ಆದರೆ ಗೆರೆ ಬಿಟ್ಟು ಜಾರಿತ್ತು. ನನಗೆ ಇಳಿಯಬೇಕು, ಹಮೀದ್ ಮಾತಾಡಲಿ. ಅಷ್ಟೇ ಇತ್ತು. ಘಟ್ಟದಿಂದ ಇಳಿದು ಪೊಲೀಸರಿಗೆ ಶರಣಾಗುವ ಮಾತು.

"ಎಷ್ಟೋ ಜನರ ಗಾಡಿ ಸ್ಟೇಷನ್ನಿನಿಂದ ಬಿಡಿಸಿ ಕೊಟ್ಟಿದ್ದೀ ಹಮೀದ್, ಇವನೊಬ್ಬನನ್ನು ಬಿಡಿಸಿ ತಾ" ಎಂದರು ಲಲಿತಕ್ಕ. ಅವರು ಮಾತಾಡಿದ್ದು ತುಳುವಿನಲ್ಲಿ. ನನಗೆ ಆದಷ್ಟು ಹತ್ತಿರವಾಗಿ ಬರೆದಿದ್ದೇನೆ.

ನಾನು ಬಾಬುವಿನ ಮಾತು ಎತ್ತಿದೆ. ಅವರು ತಲೆ ತಗ್ಗಿಸಲಿಲ್ಲ. ಗೊತ್ತುಂಟು, ಅದಕ್ಕೇ ಅವನು ಜೀವಂತ ಬರಬೇಕು, ಬಂದು ಬಾಬುವಿನ ಹೆಂಡತಿಯ ಎದುರು ಬಾಯಿ ಬಿಡಬೇಕು ಎಂದರು. ನನಗೆ ಒಪ್ಪಿಗೆಯಾದದ್ದು ಆ ಮಾತಿಗೆ.

ಪೊಲೀಸ್ ಸಾಹೇಬರೊಬ್ಬರಿಗೆ ಹಿಂದೆ ನಾನು ಬೈಕು ಕೊಡಿಸಿದ್ದೆ. ಅವರ ಕ್ವಾರ್ಟರ್ಸಿಗೆ ಹೋದೆ. ಅವರು ಪೂರಾ ಕೇಳಿಸಿಕೊಂಡರು. ಮೇಲಿನವರಿಗೆ ಫೋನ್ ಮಾಡಿ ಬಂದು ಹೇಳಿದರು: ನಾಳೆಯೇ ಕರೆತನ್ನಿ, ದಾರಿಯಲ್ಲಿ ಅಕ್ಕನ ಮನೆಯಲ್ಲಿ ಒಂದು ಗಂಟೆ ಕೂರಿಸುವ, ಅಲ್ಲಿಂದ ನೇರ ಕೋರ್ಟಿಗೆ. ಯಾರೂ ಮೈಮುಟ್ಟುವುದಿಲ್ಲ, ಟಿವಿಯವರಿಗೆ ಹೇಳುವುದಿಲ್ಲ, ಜೊತೆಗೆ ನೀವೂ ಬನ್ನಿ.

ಓದುವವರೇ, ಇದಕ್ಕಿಂತ ಒಳ್ಳೆಯ ಮಾತು ಅವರ ಬಾಯಿಂದ ಬರಲು ಸಾಧ್ಯವಿರಲಿಲ್ಲ. ಆದರೆ ನನ್ನ ಲೆಕ್ಕ ಬೇರೆ. ಮೊದಲ ಮಾತಿಗೇ ಇಷ್ಟು ಕೊಡುವವರ ಕೈಯಲ್ಲಿ ಇನ್ನೂ ಇದೆ ಎಂದೇ ನನ್ನ ಇಪ್ಪತ್ತು ವರ್ಷದ ಅನುಭವ ಹೇಳಿತು. ಬರವಣಿಗೆಯಲ್ಲಿ ಬೇಕು, ಮಂಗಳೂರಿನ ಜೈಲಿನಲ್ಲೇ ಇಡಬೇಕು, ಎರಡು ಕೇಸು ಕೈಬಿಡಬೇಕು ಎಂದೆ. ಸಾಹೇಬರು ನಕ್ಕರು.

"ಬ್ಯಾರಿಗಳೇ, ಇದು ಜೀಪು ಅಲ್ಲ."

ಕೇಳಿ ನೋಡುವ ಸಾಹೇಬ್ರೇ, ಕೇಳುವುದಕ್ಕೆ ಎಂತ ಎಂದೆ ನಾನು. ಮೇಲೆ ವಿಚಾರಿಸಿ ಹೇಳುತ್ತೇನೆ, ಸಮಯ ಬೇಕು ಎಂದರು.

ಬೆಳುವಾಯಿಗೆ ಹೋಗಿ ಹೇಳಿದಾಗ ಲಲಿತಕ್ಕ ಬೇರೆಯೇ ಒಂದು ಮಾತು ತೆಗೆದರು. ಆಟಿಯಲ್ಲಿ ಬೇಡ. ಹೊರಗೆ ಹೋದವನು ಆಟಿಯಲ್ಲಿ ಹೊಸ್ತಿಲು ದಾಟಿ ಒಳಗೆ ಬಂದರೆ ಮನೆಯಲ್ಲಿ ನಿಲ್ಲುವುದಿಲ್ಲ. ಒಂಬತ್ತು ದಿನ ಉಂಟು, ಸೋಣ ಸಂಕ್ರಮಣದ ಬೆಳಿಗ್ಗೆ ಬರಲಿ. ಇಷ್ಟು ವರ್ಷ ಕಾದವಳಿಗೆ ಒಂಬತ್ತು ದಿನ ಎಂತ?

ನಾನು ಅದನ್ನು ನಂಬುವವನಲ್ಲ. ಆದರೂ ಒಳಗೊಳಗೆ ಖುಷಿಯಾಯಿತು. ನನಗೆ ಬೇಕಾದ ಸಮಯ ಸಿಕ್ಕಿತು, ಕೇಳಿದವರಿಗೆ ಹೇಳಲು ಕಾರಣವೂ ಸಿಕ್ಕಿತು. ಲಲಿತಕ್ಕ ಬಾಳೆಎಲೆಯಲ್ಲಿ ಪತ್ರೊಡೆ ಕಟ್ಟಿಕೊಟ್ಟರು. ಅವನಿಗೆ ಕೆಸುವಿನ ಪತ್ರೊಡೆ ಎಂದರೆ ಜೀವ ಎಂದರು.

ಮರುದಿನ ಮಧ್ಯಾಹ್ನ ಟ್ಯಾಪಿಂಗಿನವನು ನನ್ನನ್ನು ತೋಟದ ದಾರಿಯಲ್ಲಿ ಕರೆದುಕೊಂಡು ಹೋದ. ಮಳೆಗೆ ಟ್ಯಾಪಿಂಗ್ ನಿಂತಿತ್ತು. ಶೀಟ್ ಒಣಗಿಸುವ ಶೆಡ್ಡಿನಲ್ಲಿ, ಆರಿದ ಒಲೆಯ ಪಕ್ಕ ಗೋಣಿ ಹಾಸಿ ಮಾಸ್ಟ್ರು ಕುಳಿತಿದ್ದರು. ದಳದವರು ಹತ್ತಿರ ಇರಲಿಲ್ಲ. ಇವರು ಇಳಿಯುತ್ತಾರೆ ಎಂದು ಗೊತ್ತಾದ ಮೇಲೆ ಅವರು ಬೇರೆ ದಿಕ್ಕಿಗೆ ಹೋಗಿದ್ದರಂತೆ. ಎಂಟರಲ್ಲಿ ಉಳಿದದ್ದು ಮೂರು ಮಂದಿ. ಸತ್ತ ಐವರ ಹೆಸರನ್ನು ಮಾಸ್ಟ್ರು ನನಗೆ ಹಾಜರಿ ಕರೆದ ಹಾಗೆ ಹೇಳಿದರು, ಯಾವ ಬೆಂಚಿನಲ್ಲಿ ಕೂರುತ್ತಿದ್ದರು ಎಂಬುದರ ಸಮೇತ.

ನಾನು ಸುಮ್ಮನಿರಲಾರದೆ ಹೇಳಿಬಿಟ್ಟೆ. "ಮಾಸ್ಟ್ರೇ, ನೀವು ಬರೆದಿರಿ. ಗುಂಡು ಹೊಡೆದದ್ದು ಆ ಮಕ್ಕಳು. ಸತ್ತದ್ದು ಬಾಬು."

"ಹೌದು. ಅವನು ಮಾಹಿತಿ ಕೊಟ್ಟವನಲ್ಲ, ಪೊಲೀಸರೇ ಜೀಪು ನಿಲ್ಲಿಸಿದ್ದು ಅಂತ ಕೊಂದ ಮೇಲೆ ನಮಗೆ ಗೊತ್ತಾಯಿತು. ಕರಪತ್ರ ಬರೆಯುವಾಗ ನನಗೆ ಗೊತ್ತಿತ್ತು ಹಮೀದ್. ಗೊತ್ತಿದ್ದೇ ಬರೆದೆ. ಅದನ್ನು ನಾನು ಕೋರ್ಟಿನಲ್ಲಿ ಹೇಳಬೇಕು, ಅವನ ಹೆಂಡತಿ ಇರುವಾಗ. ನನಗೆ ಬೇರೆ ಯಾವ ಶರತ್ತೂ ಇಲ್ಲ."

ನಾನು ಸಾಹೇಬರ ಮಾತು ಹೇಳಿದೆ, ನನ್ನ ಬೇಡಿಕೆಗಳನ್ನೂ ಹೇಳಿದೆ. ಆಟಿಯ ವಿಷಯ ಹೇಳುವಾಗ ನನಗೇ ನಾಚಿಕೆಯಾಯಿತು, ಯಾಕೆಂದರೆ ಇಂಥ ನಂಬಿಕೆಗಳ ವಿರುದ್ಧ ಅವರು ಎರಡು ಪುಸ್ತಿಕೆ ಬರೆದವರು. ಅವರು ನಗಲು ಹೋಗಿ ಕೆಮ್ಮಿದರು.

"ಆಟಿಯ ಬಗ್ಗೆ ನಾನೇ ಎಷ್ಟೊಂದು ಬರೆದಿದ್ದೇನೆ ಮಾರಾಯ. ಅಕ್ಕ ಹೇಳಿದ್ದಾ? ಹಾಗಾದರೆ ಆಗಲಿ. ಅವಳ ಒಂದು ಮಾತನ್ನೂ ನಾನು ನಡೆಸಿಕೊಡಲಿಲ್ಲ."

ಪತ್ರೊಡೆ ಬಿಚ್ಚಿದೆ. ಅವರು ಮುಖ ತಿರುಗಿಸಿಕೊಂಡರು. ವಾಸನೆ ಆಗುವುದಿಲ್ಲ, ಮೂರು ದಿನದಿಂದ ಜ್ವರ ಎಂದರು. ಕಾಲಿನ ಮೀನಖಂಡ ಹಿಡಿದುಕೊಂಡು ಕುಳಿತಿದ್ದರು, ಗದ್ದೆ ದಾಟಿ ಬಂದದ್ದಕ್ಕೆ ನೋವು ಎಂದರು. ನನ್ನನ್ನು ಕಳಿಸಲು ಶೆಡ್ಡಿನ ಬಾಗಿಲಿಗೆ ಬಂದಾಗ ಬೆಳಕಿನಲ್ಲಿ ನಾನು ಅವರ ಕಣ್ಣು ನೋಡಿದೆ. ಬಿಳಿ ಭಾಗ ಹಳದಿಯಾಗಿತ್ತು.

ನೋಡಿದೆ. ಇಲ್ಲಿ ಸುಳ್ಳು ಬರೆಯುವುದಿಲ್ಲ. ಗಾಡಿ ನೋಡುವವನ ಕಣ್ಣು ನನ್ನದು, ಹೊಗೆಯ ಬಣ್ಣ ನೋಡಿ ಇಂಜಿನ್ ಹೇಳುವವ. ಮಾಸ್ಟ್ರಿಗೆ ಮೈ ಸರಿಯಿಲ್ಲ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಆಮೇಲೆ ನನ್ನ ತಲೆಗೆ ಬಂದದ್ದು ಡಾಕ್ಟರಲ್ಲ. ಇದು ಸಾಹೇಬರಿಗೆ ಗೊತ್ತಾಗಬಾರದು ಎಂಬುದು. ಇವರಿಗೆ ಇಳಿಯದೆ ಗತಿಯಿಲ್ಲ ಎಂದು ಎದುರಿನವರಿಗೆ ಗೊತ್ತಾದರೆ ಒಂದು ಶರತ್ತೂ ನಡೆಯುವುದಿಲ್ಲ. ನಮ್ಮ ವ್ಯಾಪಾರದಲ್ಲಿ ಮಾರುವವನು ತನ್ನ ಗಾಡಿಯ ತೊಂದರೆಯನ್ನು ತಾನಾಗಿ ಹೇಳುವುದಿಲ್ಲ, ಅದು ಕೊಳ್ಳುವವನು ಕಂಡುಹಿಡಿಯಬೇಕಾದದ್ದು. ಹಾಗೆ ಬದುಕಿ ಬಂದವ ನಾನು.

ಜ್ವರದ ಮಾತ್ರೆ ತರಿಸಿಕೊಡಲು ಟ್ಯಾಪಿಂಗಿನವನಿಗೆ ಹೇಳಿದೆ. ಸೋಣ ಸಂಕ್ರಮಣದ ಬೆಳಿಗ್ಗೆ ಜೀಪು ತರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡ ಎಂದೂ ಹೇಳಿದೆ. ಪತ್ರೊಡೆಯನ್ನು ದಾರಿಯಲ್ಲಿ ನಾನೇ ತಿಂದೆ. ಲಲಿತಕ್ಕ ಕೇಳಿದಾಗ, ಪೂರಾ ತಿಂದರು, ಎಲೆಯನ್ನೂ ಬಿಡಲಿಲ್ಲ ಎಂದೆ. ಅವರ ಮುಖ ಅರಳಿದ್ದು ನನ್ನ ಕಣ್ಣಿಗೆ ಈಗಲೂ ಕಟ್ಟುತ್ತದೆ.

ಮೂರನೆಯ ದಿನ ಸಾಹೇಬರು ಮಂಗಳೂರಿನ ಜೈಲಿಗೆ ಒಪ್ಪಿದರು. ನನಗೆ ಹುಮ್ಮಸ್ಸು ಬಂತು. ಐದನೆಯ ದಿನ ಬರವಣಿಗೆಯಲ್ಲಿ ಕೊಡಲು ಒಪ್ಪಿದರು. ಕೇಸಿನ ವಿಷಯ ನಾನು ಬಿಡಲಿಲ್ಲ. ಆರನೆಯ ದಿನ ಹೊಳೆ ಉಕ್ಕಿ ಬೆಳ್ತಂಗಡಿ ದಾರಿಯಲ್ಲಿ ಬಸ್ಸು ನಿಂತಿತು. ಫೋನಿದ್ದರೂ ಆ ತೋಟದ ಕಡೆ ಸಿಗ್ನಲ್ ಇಲ್ಲದ ಕಾಲ. ಏಳನೆಯ ದಿನ ಒಂದು ಕೇಸು ಕೈಬಿಡುವ ಬಗ್ಗೆ ಮೇಲಿನವರು ಯೋಚಿಸುತ್ತಿದ್ದಾರೆ ಎಂಬ ಸುದ್ದಿ ಬಂತು. ಅಂಗಡಿಯಲ್ಲಿ ಕುಳಿತು ನಾನು ನನಗೇ ಶಹಬ್ಬಾಸ್ ಹೇಳಿಕೊಂಡೆ.

ಎಂಟನೆಯ ದಿನ ಸಂಜೆ ಟ್ಯಾಪಿಂಗಿನವನು ಒದ್ದೆ ಕೊಡೆ ಮಡಚದೆ ಅಂಗಡಿಯೊಳಗೆ ಬಂದು ನಿಂತ. ಕೂರಿಸಿ ನೀರು ಕೊಟ್ಟೆ. ಮಾಸ್ಟ್ರಿಗೆ ನಾಲ್ಕು ದಿನದಿಂದ ಮೂತ್ರ ನಿಂತಿತ್ತು. ಕಾಲು ಊದಿತ್ತು. ಆಸ್ಪತ್ರೆಗೆ ಹೋಗುವ ಎಂದು ಇವನು ಎರಡು ಸಲ ಹೇಳಿದನಂತೆ. ಬೇಡ ಎಂದರಂತೆ ಮಾಸ್ಟ್ರು. ಹಮೀದ್ ಮಾತಾಡುತ್ತಿದ್ದಾನೆ, ನಡುವೆ ನಾವು ಹೋಗಿ ಅವನ ವ್ಯಾಪಾರ ಕೆಡಿಸಬಾರದು ಎಂದರಂತೆ. ಆ ದಿನ ಬೆಳಿಗ್ಗೆ ಪ್ರಜ್ಞೆ ತಪ್ಪಿತು. ಹೊಳೆ ಸ್ವಲ್ಪ ಇಳಿದಿತ್ತು, ತೋಟದ ಪಿಕಪ್ಪಿನಲ್ಲಿ ಶೀಟುಗಳ ಮೇಲೆ ಮಲಗಿಸಿ ತಂದರು. ಬೆಳ್ತಂಗಡಿ ಆಸ್ಪತ್ರೆಗೆ ಮುಟ್ಟುವಾಗ ಜೀವ ಇರಲಿಲ್ಲ.

ಇಲಿಜ್ವರ ಎಂದರು ಡಾಕ್ಟರು. ಗದ್ದೆಯ ನೀರಿನಲ್ಲಿ, ಕೆಸರಿನಲ್ಲಿ ಓಡಾಡಿದವರಿಗೆ ಬರುವುದು. ಒಂದು ವಾರ ಮೊದಲು ತಂದಿದ್ದರೆ ಇಂಜೆಕ್ಷನ್ನಿಗೆ ಗುಣವಾಗುವ ಕಾಯಿಲೆ ಎಂದು ಹೇಳಿ ಇನ್ನೊಬ್ಬ ರೋಗಿಯ ಕಡೆ ನಡೆದರು.

ಸಾಹೇಬರು ಆಸ್ಪತ್ರೆಯ ವರಾಂಡದಲ್ಲಿ ನಿಂತಿದ್ದರು. ಬೈಯಲಿಲ್ಲ. "ಹುಷಾರಿಲ್ಲ ಅಂತ ಒಂದು ಮಾತು ಹೇಳಿದ್ದರೆ ಅವತ್ತೇ ಆಂಬ್ಯುಲೆನ್ಸ್ ಕಳಿಸ್ತಿದ್ದೆ. ಅದಕ್ಕೆ ಶರತ್ತು ಎಂತಕ್ಕೆ ಬೇಕಿತ್ತು?" ಎಂದರು. ಅವರ ಕೈಯಲ್ಲಿ ಒಂದು ಫೈಲು ಇತ್ತು. ಅದರೊಳಗೆ ನಾನು ಗೆದ್ದುಕೊಂಡ ಕಾಗದ ಇತ್ತೋ ಏನೋ. ಕೇಳಲಿಲ್ಲ.

ಹೆಣ ಬೆಳುವಾಯಿಗೆ ಬಂದಾಗ ಆಟಿ ಮುಗಿದಿರಲಿಲ್ಲ. ಬಂದವರು ಕಡಿಮೆ. ಕೆಲವರು ಹೆದರಿ, ಕೆಲವರು ಸಿಟ್ಟಿನಿಂದ ಬರಲಿಲ್ಲ. ಎರಡಕ್ಕೂ ಕಾರಣ ಇತ್ತು. ಬಂದದ್ದು ಬೀಡಿ ಕಟ್ಟುವ ಹೆಂಗಸರು, ಅವತ್ತು ಜಗಲಿಯಲ್ಲಿ ಕುಳಿತಿದ್ದವರು. ವಾರ ಕಳೆದು ಪೇಟೆಯ ಗೋಡೆಗಳಲ್ಲಿ ದಳದ ಪೋಸ್ಟರ್ ಕಾಣಿಸಿತು. ಮಾಸ್ಟ್ರು ಪೊಲೀಸರ ಗುಂಡಿಗೆ ಎದೆಯೊಡ್ಡಿ ಸತ್ತರು ಎಂದು ಬರೆದಿತ್ತು. ಚಿಕ್ಕ ಚಿಕ್ಕ ವಾಕ್ಯ. ಅವರ ಹಾಗೇ ಬರೆಯಲು ಕಲಿತವರು ಯಾರೋ ಬರೆದದ್ದು. ನನಗೆ ಮೈಯೆಲ್ಲ ಉರಿಯಿತು. ಆ ಮನುಷ್ಯ ಕೊನೆಗೆ ಹೇಳಬೇಕೆಂದಿದ್ದ ಒಂದೇ ಒಂದು ನಿಜ ಅವರ ಜೊತೆ ಹೋಗಿತ್ತು, ಅದರ ಜಾಗದಲ್ಲಿ ಈ ಸುಳ್ಳು ಗೋಡೆಯಲ್ಲಿ ನೆನೆಯುತ್ತಿತ್ತು.

ಅದಕ್ಕೆ ನಾನು ಬಾಬುವಿನ ಹೆಂಡತಿ ಶಾಂತಕ್ಕನ ಮನೆಗೆ ಹೋದೆ. ಶೆಡ್ಡಿನಲ್ಲಿ ಮಾಸ್ಟ್ರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ: ನಿಮ್ಮ ಗಂಡ ಮಾಹಿತಿ ಕೊಟ್ಟವರಲ್ಲ, ಅದು ಗೊತ್ತಿದ್ದೇ ಕರಪತ್ರ ಬರೆದರಂತೆ, ಅದನ್ನು ಕೋರ್ಟಿನಲ್ಲಿ ಹೇಳಲು ಬರುತ್ತಿದ್ದರು. ಅವರು ಹುಲ್ಲಿನ ಕಟ್ಟು ಕೆಳಗಿಟ್ಟು, ಪೂರಾ ಕೇಳಿಸಿಕೊಂಡು ಹೇಳಿದರು.

"ಅವನು ಬಂದಿದ್ದರೂ ನಾನು ಕ್ಷಮಿಸ್ತಿರಲಿಲ್ಲ. ಆದರೆ ಎಲ್ಲರ ಎದುರು ಹೇಳಿದ್ದರೆ ನನ್ನ ಮಕ್ಕಳನ್ನು ಊರಿನವರು ಪೊಲೀಸ್ ಏಜೆಂಟನ ಮಕ್ಕಳು ಅಂತ ಕರೆಯೋದು ನಿಲ್ತಿತ್ತು. ಈಗ ನೀವು ಬಂದು ಹೇಳಿದ್ರೆ ಯಾರು ನಂಬ್ತಾರೆ?"

ನಾನು ಎಷ್ಟೋ ಜನರ ಎದುರು ಹೇಳಿದ್ದೇನೆ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಗಳಲ್ಲಿ. ಅರ್ಧ ಜನ ನಂಬುತ್ತಾರೆ. ಈಗ ಬರೆದಿದ್ದೇನೆ.

ಲಲಿತಕ್ಕನಿಗೆ ಹೇಳಲು ನನಗೆ ಒಂದು ತಿಂಗಳು ಹಿಡಿಯಿತು. ಅವರು ಬೀಡಿ ಎಲೆ ಕತ್ತರಿಸುತ್ತಾ ಕುಳಿತಿದ್ದರು. ಪತ್ರೊಡೆಯಿಂದ ಶುರು ಮಾಡಿ ಕಣ್ಣಿನವರೆಗೆ ಎಲ್ಲ ಹೇಳಿದೆ. ಕತ್ತರಿ ನಿಂತಿತು.

"ಜ್ವರ ಅಂತ ಗೊತ್ತಿದ್ದರೆ ನಾನು ಆಟಿ ನೋಡ್ತಿದ್ದೆನಾ ಹಮೀದ್?" ಎಂದರು. ಆಮೇಲೆ, "ಆಟಿ ಅಂತ ಹೇಳಿದ್ದು ನಾನು. ನೀನೊಬ್ಬನೇ ಹೊತ್ತುಕೊಳ್ಳಬೇಡ" ಎಂದರು. ಮತ್ತೆ ಕತ್ತರಿ ಹಿಡಿದರು. ಆ ಮಾತು ಅವರು ಹೇಳದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಈಗ ಅವರೂ ಇಲ್ಲ.

ಓದುವವರಿಗೆ ನನ್ನ ಕೈಯಿಂದಾಗುವ ಉಪಕಾರ ಒಂದೇ, ಹೇಳಿಬಿಡುತ್ತೇನೆ. ನಿಮ್ಮವರಲ್ಲಿ ಯಾರಾದರೂ ತಪ್ಪು ದಾರಿಗೆ ಹೋಗಿ, ವಾಪಸು ಬರುತ್ತೇನೆ ಎಂದು ಬಾಯಿ ಬಿಟ್ಟರೆ ಆವತ್ತೇ ಗಾಡಿ ತೆಗೆದುಕೊಂಡು ಹೋಗಿ. ಸಿಕ್ಕಿದ ಮಾತಿಗೆ ಒಪ್ಪಿ. ಉಳಿದದ್ದನ್ನು ವಕೀಲರು ಆಮೇಲೆ ಕೇಳಿಕೊಳ್ಳಬಹುದು, ಅದಕ್ಕೆಂದೇ ಅವರಿರುವುದು. ಹಿರಿಯರು ದಿನ ಒಳ್ಳೆಯದಲ್ಲ ಎಂದರೆ ಜಗಳ ಮಾಡಬೇಡಿ, ಬಂದ ಮೇಲೆ ಒಳ್ಳೆಯ ದಿನ ನೋಡಿ ಪೂಜೆಯೋ ದುಆವೋ ಮಾಡಿಸುವ ಎನ್ನಿ. ಮಳೆಗಾಲದಲ್ಲಿ ಕೆಸರಿಗೆ ಇಳಿದವರಿಗೆ ಜ್ವರ ಬಂದು ಮೀನಖಂಡ ನೋಯುತ್ತಿದ್ದರೆ ಮಾತ್ರೆ ನುಂಗಿಸಿ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಜ್ವರ ಬಂದವರು ಎಲ್ಲಿದ್ದರು, ಎಂತ ಮಾಡುತ್ತಿದ್ದರು ಎಂದು ಡಾಕ್ಟರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಎಂಥ ನಾಚಿಕೆಯ ಜಾಗವಾದರೂ ಸರಿ. ಹೋಗುವಾಗ ಆಧಾರ್ ಕಾರ್ಡು, ಒಂದು ಬೆಡ್‌ಶೀಟು, ಬಿಸಿನೀರಿನ ಫ್ಲಾಸ್ಕು ಇಟ್ಟುಕೊಳ್ಳಿ. ಅವರನ್ನು ಹಿಂದಿನ ಸೀಟಿನಲ್ಲಿ ಒಬ್ಬರನ್ನೇ ಮಲಗಿಸಬೇಡಿ, ಪಕ್ಕದಲ್ಲಿ ಯಾರಾದರೂ ಕುಳಿತು ಮಾತಾಡಿಸುತ್ತಾ ಇರಿ.